ವನ್ಸ್ ಮೋರ್ ಸಿಗದ ಅಡುಗೆಮನೆ

ನಮ್ಮ ಮನೆಯಲ್ಲಿ ಗುಟ್ಟು ಹೇಳಬೇಕೆಂದರೆ ಯಾರೂ ಮೂಲೆಗೆ ಹೋಗುತ್ತಿರಲಿಲ್ಲ, ಪಡಸಾಲೆಯ ನಟ್ಟನಡುವೆ ನಿಂತು ಹೇಳುತ್ತಿದ್ದರು. ಅಲ್ಲಿ ಅಬ್ಬಾನ ನಾಲ್ಕು ಪವರ್‌ಲೂಮ್‌ಗಳು ಬೆಳಗಿನಿಂದ ಸಂಜೆಯವರೆಗೆ ಖಟಾಖಟ ಬಡಿದುಕೊಳ್ಳುತ್ತಿದ್ದವು. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳದ ಜಾಗ ಅದು. ಆದ್ದರಿಂದ ಬೆಟಗೇರಿಯ ನಮ್ಮ ಓಣಿಯ ನೇಕಾರರೆಲ್ಲ ದನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಇದ್ದಲ್ಲಿಂದಲೇ ಬಾಯಿಯನ್ನು ದೊಡ್ಡದಾಗಿ, ಸಾವಕಾಶವಾಗಿ ಆಡಿಸಿದರೆ ಸಾಕು, ಆಚೆ ಮಗ್ಗದ ಹತ್ತಿರ ನಿಂತವರಿಗೆ ತಿಳಿಯುತ್ತಿತ್ತು. ಚಹಾ ಬೇಕೋ ಬೇಡವೋ, ನೂಲು ಹರಿಯಿತು, ಬಾಗಿಲಲ್ಲಿ ಯಾರೋ ಬಂದಿದ್ದಾರೆ, ನಿನ್ನ ಮಗಳು ಶಾಲೆಗೆ ಹೋಗದೆ ಅಟ್ಟದ ಮೇಲೆ ಕೂತಿದ್ದಾಳೆ, ಎಲ್ಲವೂ ತುಟಿಯ ಮೇಲೆಯೇ ನಡೆಯುತ್ತಿತ್ತು. ನಾನು ಅಕ್ಷರ ಓದುವುದಕ್ಕಿಂತ ಮೊದಲು ಬಾಯಿ ಓದಲು ಕಲಿತೆ. ಇವತ್ತಿಗೂ ಆ ಚಟ ಹೋಗಿಲ್ಲ. ಬಸ್ಸಿನ ಕಿಟಕಿಯಾಚೆ ನಿಂತವರು ಏನು ಮಾತಾಡುತ್ತಿದ್ದಾರೆಂದು ನೋಡುತ್ತ ಕೂತು ಇಳಿಯುವ ಊರು ದಾಟಿ ಹೋದದ್ದಿದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಹುಡುಗಿ ಒಳ್ಳೆಯವಳು ಆದರೆ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಬಾಯಿಯನ್ನೇ ನೋಡುತ್ತಾಳೆ ಎಂದು ದೂರಿ ಹೋದದ್ದೂ ಇದೆ.

ಈ ಮನೆಯಲ್ಲಿ ತುಟಿಮಾತು ಬಾರದವಳು ಒಬ್ಬಳೇ, ನಮ್ಮ ಅಮ್ಮಿ. ಅವಳ ತವರು ಲಕ್ಷ್ಮೇಶ್ವರ. ಅಲ್ಲಿ ನಾನಾನದು, ಅಂದರೆ ಅವಳ ಅಪ್ಪನದು, ಮೆಣಸಿನಕಾಯಿ ವ್ಯಾಪಾರ. ಗೋಡೆಯ ಗಡಿಯಾರದ ಟಿಕ್ ಟಿಕ್ ಅಡುಗೆಮನೆಗೂ ಕೇಳುವಂಥ ಮನೆ ಅದು. ಅಲ್ಲಿಂದ ಬಂದವಳು ಈ ಸದ್ದಿಗೆ ಕಡೆಯವರೆಗೂ ಒಗ್ಗಲಿಲ್ಲ. ಯಾರಾದರೂ ಅವಳ ಎದುರು ಬರೀ ತುಟಿ ಆಡಿಸಿದರೆ ಸಿಟ್ಟಿಗೇಳುತ್ತಿದ್ದಳು.

"ದೇವರು ನನಗ ಕಿವಿ ಕೊಟ್ಟಾನ. ಮಂದಿ ಬಾಯಿ ನೋಡ್ಕೋತ ನಾ ಯಾಕ ಕುಂಡ್ರಲಿ? ದನಿ ತಗದು ಮಾತಾಡ್ರಿ."

ಹಾಗೆಂದು ಅವಳೇನು ಸುಮ್ಮನಿರುವವಳಲ್ಲ. ಜಗಳ ಬಂದಾಗ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೇರ ಪಡಸಾಲೆಗೆ ಬಂದು ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆಯುತ್ತಿದ್ದಳು. ನಾಲ್ಕೂ ಮಗ್ಗ ಒಮ್ಮೆಲೇ ನಿಂತು ಮನೆಯೆಲ್ಲ ಗುಂಯ್ ಎನ್ನುತ್ತಿತ್ತು. ಆ ಮೌನದಲ್ಲಿ ಸೊಂಟಕ್ಕೆ ಕೈಯಿಟ್ಟು, ಹೇಳಬೇಕಾದದ್ದನ್ನೆಲ್ಲ ಹೇಳಿ, ಮತ್ತೆ ಸ್ವಿಚ್ಚು ಮೇಲೆತ್ತಿ ಒಳಗೆ ಹೋಗುತ್ತಿದ್ದಳು. ಲಾಳಿ ಅರ್ಧ ದಾರಿಯಲ್ಲಿ ನಿಂತು ನೂಲು ಹರಿದಿದೆಯೆಂದು ಅಬ್ಬಾ ತಲೆ ತಲೆ ಚಚ್ಚಿಕೊಳ್ಳುತ್ತಿದ್ದ. ಓಣಿಯವರಿಗೂ ಇದು ರೂಢಿಯಾಗಿತ್ತು. ನಮ್ಮ ಮನೆಯ ಮಗ್ಗದ ಸದ್ದು ನಡುಹಗಲಲ್ಲಿ ನಿಂತಿತೆಂದರೆ ಆಚೆ ಮನೆಯ ಹೆಂಗಸರು ಒಲೆಯ ಉರಿ ಸಣ್ಣ ಮಾಡಿ ಕಿಟಕಿಗೆ ಬರುತ್ತಿದ್ದರು. ಕರೆಂಟು ಹೋಗಿದ್ದರೆ ಎಲ್ಲರ ಮನೆಯದೂ ನಿಲ್ಲಬೇಕು, ನಮ್ಮದೊಂದೇ ನಿಂತಿತೆಂದರೆ ಅದು ಜಗಳವೇ.

ಜಗಳ ಯಾವಾಗಲೂ ದಾದಿಯ ಜೊತೆಗೆ. ದಾದಿ ಎಂದರೆ ಅಬ್ಬಾನ ತಾಯಿ. ಅವಳ ಹೆಸರು ಹುಸೇನಬಿ. ಆದರೆ ಅದು ರೇಷನ್ ಕಾರ್ಡಿಗೆ ಮಾತ್ರ. ಒಂದು ಕಾಲಕ್ಕೆ ಗೋಡೆಗೋಡೆಗೆ ಹಚ್ಚಿದ ನಾಟಕದ ಜಾಹೀರಾತುಗಳಲ್ಲಿ ಅವಳು ಕುಮಾರಿ ಮಂದಾರಮಾಲಾ. ಮುಂದೆ ಮುಂಬೈ ಕಡೆಗೆ ಹೋಗಿ, ಚಿತ್ರಗಳಿಗೆ ಇನ್ನೂ ಮಾತು ಬರದಿದ್ದ ಕಾಲದಲ್ಲಿ ಮೂಕಿ ಪಿಚ್ಚರುಗಳಲ್ಲಿ ರಾಣಿಯಾಗಿ ಬಂದವಳು. ನಾನು ಕಂಡಾಗ ಎಂಬತ್ತು ದಾಟಿದ, ಬೆನ್ನು ಬಾಗದ, ಪಡಸಾಲೆಯ ಕಿಟಕಿಯ ಹತ್ತಿರ ಬಣ್ಣದ ಪೆಟ್ಟಿಗೆಯನ್ನು ಒತ್ತಿನಲ್ಲಿಟ್ಟುಕೊಂಡು ಕೂಡುವ ಮುದುಕಿ. ಮನೆಯಲ್ಲಿ ನಾವು ಉರ್ದು ಅರ್ಧ ಕನ್ನಡ ಅರ್ಧ ಕಲಸಿ ಮಾತಾಡುವವರು. ದಾದಿಯ ಎದುರು ಮಾತ್ರ ಎಲ್ಲರೂ ಕನ್ನಡವೇ ಆಡಬೇಕು. ಈ ಮನೆಯ ಹಂಚು, ಜಂತಿ, ಮೊದಲ ಪವರ್‌ಲೂಮ್ ಎಲ್ಲ ಕನ್ನಡ ಹಾಡಿ ಗಳಿಸಿದ್ದೆಂದು ಅವಳ ವಾದ. ಸಿಟ್ಟು ಬಂದಾಗ ಅಥವಾ ಬಹಳ ಖುಷಿಯಾದಾಗ ಅವಳ ಬಾಯಿಂದ ಕಂಪನಿ ನಾಟಕದ ಕನ್ನಡವೇ ಬರುತ್ತಿತ್ತು. ಊಟಕ್ಕೆ ಕೂತಾಗ ಬಟ್ಟಲನ್ನು ಎತ್ತಿ ಹಿಡಿದು ಶುರು ಮಾಡುತ್ತಿದ್ದಳು.

"ಎಲೌ ಸೊಸೆಯೇ, ಈ ಸಾರಿನಲ್ಲಿ ಲವಣವೆಂಬ ಪದಾರ್ಥವು ಎಲ್ಲಿ ಅಡಗಿ ಕುಳಿತಿರುವುದು?"

"ಡಬ್ಬ್ಯಾಗ ಅಡಗೇತ್ರಿ ಅತ್ತಿ. ಕೈ ಅದಾವಲ್ಲ, ತಗೊಂಡು ಹಾಕ್ಕೊಳ್ರಿ."

"ಆಹಾ! ರಾಜಮಾತೆಗೆ ಇಂಥ ಮರ್ಯಾದೆ!"

"ರಾಜಮಾತಿ ಉಂಡ ಮ್ಯಾಲ ತಾಟು ತೊಳದು ಇಡ್ರಿ."

ಉಪ್ಪು ನಿಜವಾಗಿ ಕಡಿಮೆಯಿರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಅಮ್ಮಿಯ ಕೈಯಡುಗೆಯೇ ರುಚಿ. ಜಗಳಕ್ಕೆ ಉಪ್ಪು ನೆವ ಮಾತ್ರ. ದಾದಿಯ ಬಾಯಲ್ಲಿ ಮೆಚ್ಚುಗೆಯ ಮಾತು ಒಂದೇ ಇತ್ತು, ಅದು ವನ್ಸ್ ಮೋರ್. ನಾಟಕದಲ್ಲಿ ಹಾಡು ಚೆನ್ನಾಗಿ ಬಂದರೆ ಮಂದಿ ವನ್ಸ್ ಮೋರ್ ಎಂದು ಕೂಗುವುದು, ನಟಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ಅದೇ ಹಾಡನ್ನು ಹೇಳುವುದು ಆ ಕಾಲದ ಪದ್ಧತಿ. ದಾದಿ ಅದನ್ನು ಊಟದ ಸಾಲಿಗೂ ತಂದಿದ್ದಳು. ಏನಾದರೂ ಬಹಳ ಸೇರಿದರೆ ಖಾಲಿ ಬಟ್ಟಲು ಮುಂದೆ ಚಾಚಿ ವನ್ಸ್ ಮೋರ್ ಎನ್ನುವಳು. ಪಕ್ಕದ ಮನೆಯ ಶಾಂತವ್ವನ ಬದನೆಕಾಯಿ ಎಣ್ಣೆಗಾಯಿಗೆ ಅದು ಸಿಕ್ಕಿತ್ತು. ಮೂಲೆಯಂಗಡಿಯ ಮಿರ್ಚಿ ಭಜಿಗೆ ಸಿಕ್ಕಿತ್ತು. ನಾನು ಹೊಟ್ಟು ಸಮೇತ ಅರೆದು ಕೆಡಿಸಿದ ಶೇಂಗಾ ಚಟ್ನಿಗೂ, ಮೊಮ್ಮಗಳೆಂಬ ಮಾಫಿಯಲ್ಲಿ, ಸಿಕ್ಕಿತ್ತು. ಅಮ್ಮಿಗೆ ಮಾತ್ರ ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಸಿಕ್ಕಿರಲಿಲ್ಲ. ಅಮ್ಮಿ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಹಬ್ಬದ ದಿನ ದಾದಿಯ ಬಟ್ಟಲು ಖಾಲಿಯಾಗುವ ಹೊತ್ತಿಗೆ ಸೌಟು ಹಿಡಿದು ಅಲ್ಲೇ ಸುಳಿದಾಡುವಳು. ದಾದಿ ಕೈ ತೊಳೆಯಲು ಎದ್ದರೆ ಅವಳ ಮುಖ ಸಣ್ಣದಾಗುತ್ತಿತ್ತು. ಅದನ್ನು ನೋಡಿ ನನಗೆ ದಾದಿಯ ಮೇಲೆ ಖರೆಖರೆ ಸಿಟ್ಟು ಬರುತ್ತಿತ್ತು.

ಕರೆಂಟು ಹೋದರೆ ನಮಗೆ ಸುಗ್ಗಿ. ಮಗ್ಗ ನಿಂತ ಆ ಹೊತ್ತಿನಲ್ಲಿ ದಾದಿಯ ಕಥೆ ಶುರುವಾಗುತ್ತಿತ್ತು. ಮಗ್ಗದ ಮೇಲಿನವರು, ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹುಡುಗಿಯರು ಎಲ್ಲ ಬೆವರು ಒರೆಸಿಕೊಳ್ಳುತ್ತ ಸುತ್ತ ಕೂಡುವರು. ಅಮ್ಮಿ ಮಾತ್ರ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಬಡಿಯುತ್ತಿದ್ದಳು, ತನಗೆ ಇದೆಲ್ಲ ಕೇಳುವಷ್ಟು ಪುರಸೊತ್ತಿಲ್ಲ ಎಂದು ತೋರಿಸಲು.

ದಾದಿ ಹುಟ್ಟಿದ್ದು ಇದೇ ಮನೆಯಲ್ಲಿ. ಆಗ ಇವು ಕೈಮಗ್ಗಗಳು. ಅವಳ ತಾಯಿ, ಅಂದರೆ ನನ್ನ ಮುತ್ತಜ್ಜಿ, ಮಗ್ಗದ ಬಡಿತಕ್ಕೆ ಕಿವಿ ಕಳೆದುಕೊಂಡ ಹೆಂಗಸು. ಅವಳ ಜೊತೆ ಮನೆಮಂದಿಯ ಮಾತೆಲ್ಲ ತುಟಿಯಲ್ಲಿಯೇ. ಒಮ್ಮೆ ನಾಟಕ ಕಂಪನಿಯೊಂದು ಗದಗಿಗೆ ಬಂದು ಪರದೆಗೆ ಬಟ್ಟೆ ಬೇಕೆಂದು ಇವರ ಮನೆಯಲ್ಲಿ ನೇಯಿಸಿತು. ಬಟ್ಟೆ ಮುಟ್ಟಿಸಲು ಹೋದ ಹುಡುಗಿ ತಾಲೀಮು ನೋಡುತ್ತ ಅಲ್ಲಿಯೇ ಕೂತಳು. ಮಾರನೆಯ ದಿನವೂ ಹೋದಳು. ಕಂಪನಿ ಮುಂಡರಗಿಗೆ ಕ್ಯಾಂಪ್ ಕಿತ್ತಾಗ ತಾನೇ ನೇಯ್ದ ಪರದೆಗಳ ನಡುವೆ ಬಂಡಿಯಲ್ಲಿ ಕೂತು ಹೋಗಿಯೇಬಿಟ್ಟಳು. ಮುಂಡರಗಿಯಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ ಗಂಡಸಿಗೆ ಕಾಮಣಿ ಆಗಿ, ಕಣ್ಣು ಹಳದಿ ತಿರುಗಿ ಮಲಗಿದ್ದಕ್ಕೆ, ಇವಳಿಗೆ ಸೀರೆ ಉಡಿಸಿ ರಂಗಕ್ಕೆ ನೂಕಿದರಂತೆ. ಹಿರೇವಡ್ಡಟ್ಟಿಯಿಂದ ಬಂಡಿ ಕಟ್ಟಿಕೊಂಡು ಬಂದಿದ್ದ ರೈತರು ಅವಳ ಹಾಡಿಗೆ ವನ್ಸ್ ಮೋರ್ ಎಂದರು. ಹೇಳಿದಳು. ಮತ್ತೆ ಎಂದರು. ಮತ್ತೆ ಹೇಳಿದಳು. ಗಂಡನ ಹೆಣದ ಮುಂದೆ ಹಾಡುವ ಹಾಡು ಅದು. ಕಡೆಗೆ ಸತ್ತು ಮಲಗಿದ್ದ ರಾಜನ ಪಾತ್ರಧಾರಿ ಕಣ್ಣು ತೆರೆಯದೆಯೇ ಗೊಣಗಿದನಂತೆ.

"ಸಾಕು ಮಾಡ ತಂಗಿ, ಸತ್ತು ಸತ್ತು ಬೆನ್ನು ಹಿಡೀತು."

ಬೆಟಗೇರಿಯಲ್ಲಿ ಮುತ್ತಜ್ಜಿ ಬಾಗಿಲು ಹಾಕಿದಳು. ಮಗಳು ಸುದ್ದಿ ಕಳಿಸಿದಾಗಲೆಲ್ಲ ಅವಳದು ಒಂದೇ ಉತ್ತರ, ಬಾಗಿಲು ಹಾಕಿದೆ ಎಂದು ಹೇಳಿರಿ. ದಾದಿ ಊರೂರು ತಿರುಗಿದಳು. ಕಂಪನಿಯ ಹಾರ್ಮೋನಿಯಂ ಮಾಸ್ತರನನ್ನು ಮದುವೆಯಾದಳು. ಅವನೇ ನಾನು ನೋಡದ ನನ್ನ ದಾದಾ, ಅಬ್ಬಾನ ತಂದೆ. ಕಂಪನಿ ಮುಳುಗಿದಾಗ ಇಬ್ಬರೂ ಮುಂಬೈ ಕಡೆ ಹೋದರು. ಅಲ್ಲಿ ಪಿಚ್ಚರಿನವರಿಗೆ ಇವಳ ಕಣ್ಣು ಬೇಕಾಗಿತ್ತು, ದನಿ ಬೇಕಾಗಿರಲಿಲ್ಲ.

ಮೂಕಿಯ ಕೆಲಸವನ್ನು ದಾದಿ ಹೇಳುತ್ತಿದ್ದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ದೀಪಗೀಪ ಇಲ್ಲ, ಸೂರ್ಯನೇ ದೀಪ. ಮೇಲೆ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಸೋಸುವುದು, ತಗಡು ಬಡಿದ ಹಲಗೆ ಹಿಡಿದು ಬೆಳಕನ್ನು ಮುಖಕ್ಕೆ ತಿರುಗಿಸುವುದು. ಮೋಡ ಬಂತೆಂದರೆ ರಾಜ, ರಾಣಿ, ರಾಕ್ಷಸ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಶೇಂಗಾ ಸುಲಿಯುವುದು. ಮುಖಕ್ಕೆ ಸುಣ್ಣದಂಥ ಬಿಳಿ, ತುಟಿಗೆ ಕಪ್ಪೆನ್ನುವಷ್ಟು ಗಾಢ ಬಣ್ಣ. ತುಟಿ ಎದ್ದು ಕಾಣಬೇಕು, ಆಡಬೇಕು. ಏನು ಆಡುತ್ತದೆ ಎಂಬುದು ಯಾರಿಗೂ ಬೇಕಿಲ್ಲ. ಮಾತನ್ನು ಆಮೇಲೆ ಅಕ್ಷರದಲ್ಲಿ ತೋರಿಸುತ್ತಿದ್ದರು. ಆದ್ದರಿಂದ ಎಲ್ಲರೂ ತಮಗೆ ಬಂದ ಭಾಷೆಯಲ್ಲಿ ತೋಚಿದ್ದು ಮಾತಾಡುತ್ತಿದ್ದರು. ರಾಕ್ಷಸ ಕತ್ತಿ ಎತ್ತಿ ಹಲ್ಲು ಕಡಿಯುತ್ತ ತನ್ನ ಮನೆಯ ಮಾಳಿಗೆ ಸೋರುವುದನ್ನು ಹೇಳುವನು. ಇವಳು ಕೈಮುಗಿದು ನಡುಗುತ್ತ ಅವನಿಗೆ ಕನ್ನಡದಲ್ಲಿ ಕಡಲೆಹಿಟ್ಟಿನ ಝುಣಕ ಮಾಡುವ ವಿಧಾನ ಹೇಳುವಳು. ನೋಡಿದ ಮಂದಿ ಅಳುವರು.

ಆದರೆ ಒಂದು ಚಿತ್ರದ ವಿಷಯಕ್ಕೆ ಬಂದಾಗ ದಾದಿ ನಗುತ್ತಿರಲಿಲ್ಲ. ಅದರಲ್ಲಿ ರಾಣಿಯನ್ನು ಕಾಡಿನಲ್ಲಿ ಬಿಟ್ಟು ಹೋಗುತ್ತಾರೆ. ಅವಳು ಆಕಾಶ ನೋಡಿ ಅಳಬೇಕು. ಕ್ಯಾಮೆರಾ ಮುಖದ ಹತ್ತಿರ ಬಂದಿತ್ತು. ಅವತ್ತು ಇವಳಿಗೆ ಝುಣಕ ನೆನಪಾಗಲಿಲ್ಲ. ಎಳವೆಯಲ್ಲಿ ಮಗ್ಗದ ಆಚೆಯಿಂದ ದಿನಾ ತಾಯಿಗೆ ಹೇಳುತ್ತಿದ್ದ ಮಾತು ತಾನಾಗಿ ತುಟಿಗೆ ಬಂತು.

"ಅವ್ವಾ, ಹಸಿವಾಗೇತಿ."

ಆ ಕಾಲಕ್ಕೆ ಬೆಟಗೇರಿಯ ನೇಕಾರರಲ್ಲಿ ಸಾಬರ ಮಕ್ಕಳೂ ಅವ್ವ ಎಂದೇ ಕರೆಯುತ್ತಿದ್ದರಂತೆ. ಚಿತ್ರ ಗದಗಿನ ಟೆಂಟಿಗೆ ಬಂತು. ಬೆಟಗೇರಿಯವರೆಲ್ಲ ಹೋದರು. ಮುತ್ತಜ್ಜಿಯೂ ಮುಖ ಮುಚ್ಚಿಕೊಂಡು ಹೋಗಿ ಹಿಂದೆ ಕೂತಳೆಂದು ದಾದಿಗೆ ಗೊತ್ತಾದದ್ದು ಊರಿಗೆ ಮರಳಿದ ಮೇಲೆ. ಪರದೆಯ ಪಕ್ಕದಲ್ಲಿ ಕಥೆ ವಿವರಿಸಲು ನಿಂತ ಮನುಷ್ಯ, ನೋಡ್ರಿ ರಾಣಿ ದೇವರಿಗೆ ಮೊರೆ ಇಡಾಕತ್ತಾಳ ಎಂದು ಕೂಗುತ್ತಿದ್ದನಂತೆ. ಅವನ ಕೂಗು ಮುತ್ತಜ್ಜಿಗೆ ಎಲ್ಲಿ ಕೇಳಬೇಕು? ಅವಳು ಮಗಳ ಬಾಯನ್ನು ನೋಡುತ್ತಿದ್ದಳು. ಮುಂದೆ ಚಿತ್ರಗಳಿಗೆ ಮಾತು ಬಂತು. ದಾದಿಯ ಧಾರವಾಡ ಕಡೆಯ ಹಿಂದಿ ಯಾರಿಗೂ ಬೇಡವಾಯಿತು. ಗಂಡನನ್ನು ಕರೆದುಕೊಂಡು, ಹೊಟ್ಟೆಯಲ್ಲಿ ಅಬ್ಬಾನನ್ನು ಇಟ್ಟುಕೊಂಡು, ಹೆದರುತ್ತ ಹೆದರುತ್ತ ಈ ಬಾಗಿಲಿಗೆ ಬಂದು ನಿಂತಳು. ಮುದುಕಿ ಮಗ್ಗದಿಂದ ಎದ್ದು ಬಂದು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ ತುಟಿ ಆಡಿಸಿದಳು.

"ಆವತ್ತಿನಿಂದ ಇನ್ನೂ ಉಂಡೇ ಇಲ್ಲೇನ? ಬಾ ಒಳಗ."

ಇದನ್ನು ಹೇಳಿ ಮುಗಿಸಿದಾಗಲೆಲ್ಲ ದಾದಿ ಸ್ವಲ್ಪ ಹೊತ್ತು ಬಣ್ಣದ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತಿದ್ದಳು. ಅಡುಗೆಮನೆಯ ಪಾತ್ರೆಗಳ ಸದ್ದೂ ಆ ಹೊತ್ತಿಗೆ ನಿಂತಿರುತ್ತಿತ್ತು. ಅದನ್ನು ನಾನು ಆಗ ಗಮನಿಸಿರಲಿಲ್ಲ.

ನಮ್ಮದು ಧಾರವಾಡ ಜಿಲ್ಲೆ ಹೋಗಿ ಗದಗ ಜಿಲ್ಲೆಯಾದ ವರ್ಷ ದಾದಿಯ ಗಂಟಲಿನಲ್ಲಿ ಗಂಟು ಕಾಣಿಸಿತು. ಊರೆಲ್ಲ ಸಂಭ್ರಮದಲ್ಲಿತ್ತು. ಇನ್ನು ಸಣ್ಣಪುಟ್ಟ ಕಾಗದಕ್ಕೂ ಧಾರವಾಡದ ಬಸ್ಸು ಹತ್ತಬೇಕಾಗಿಲ್ಲ ಎಂದು ಚಹಾದಂಗಡಿಯಲ್ಲಿ ಗಂಡಸರು ಪರಸ್ಪರ ಬೆನ್ನು ತಟ್ಟಿಕೊಳ್ಳುತ್ತಿದ್ದರು. ನಾವು ಮಾತ್ರ ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಅಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆ ದನಿಯೂ ಹೋಯಿತು. ಡಾಕ್ಟರು ಮೊದಲೇ ಹೇಳಿದ್ದರು, ಆದರೆ ಹೇಳಿದ್ದನ್ನು ನಂಬಿದವರು ಯಾರು? ದಾದಿ ಮನೆಗೆ ಬಂದ ದಿನ ಬಾಯಿ ತೆರೆದಳು, ಗಾಳಿ ಮಾತ್ರ ಬಂತು. ಮತ್ತೊಮ್ಮೆ ತೆರೆದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮನೆಯಲ್ಲಿ ಎಲ್ಲರಿಗೂ ತುಟಿಮಾತು ಬರುತ್ತದೆ, ದನಿ ಹೋದರೇನು ಕಷ್ಟ ಎಂದು ನೀವು ಅನ್ನಬಹುದು. ನಾವೂ ಹಾಗೆಂದುಕೊಂಡಿದ್ದೆವು. ದಾದಿ ತುಟಿಯನ್ನೂ ಆಡಿಸಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಉಣ್ಣುವುದನ್ನು ಬಿಟ್ಟಳು. ಗಂಟಲು ಮಾಗಿದೆ, ಮೆತ್ತಗಿನದು ಏನು ಬೇಕಾದರೂ ಉಣ್ಣಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಮ್ಮಿ ಗಂಜಿ ಮಾಡಿದಳು, ಹೆಸರುಬೇಳೆ ಕಿಚಡಿ ಮಾಡಿದಳು, ಅನ್ನವನ್ನು ಹಾಲಿನಲ್ಲಿ ಕಿವುಚಿ ತಂದಳು. ದಾದಿ ಎರಡು ಚಮಚ ನುಂಗಿ ಕೈ ಅಡ್ಡ ಹಿಡಿಯುವಳು. ಮೈ ದಿನದಿಂದ ದಿನಕ್ಕೆ ಇಳಿಯತೊಡಗಿತು. ಹೀಗೇ ಆದರೆ ಮುದುಕಿ ಬೇಸಿಗೆ ನೋಡುವುದಿಲ್ಲ ಎಂದು ಶಾಂತವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಒಂದು ಮಧ್ಯಾಹ್ನ ಅಮ್ಮಿ ಪಡಸಾಲೆಗೆ ಬಂದು ಸ್ವಿಚ್ಚು ಎಳೆದಳು. ಮಗ್ಗಗಳು ನಿಂತವು. ಅವಳ ಕೈಯಲ್ಲಿ ಮುಟ್ಟದೆ ಬಂದ ಬಟ್ಟಲಿತ್ತು.

"ಉಪ್ಪು ಹಾಕಿಲ್ಲ ಇದಕ್ಕ. ಬೇಕಂತನಽ ಹಾಕಿಲ್ಲ. ಬೈರಿ ನೋಡೂಣು!"

ದಾದಿ ತಿರುಗಿ ನೋಡಲಿಲ್ಲ. ಅಮ್ಮಿ ಆ ಮೌನದಲ್ಲಿ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು. ಅಬ್ಬಾನೂ ನೂಲು ಹರಿಯಿತೆಂದು ಕೂಗಲಿಲ್ಲ. ಕಡೆಗೆ ನಾನೇ ಹೋಗಿ ಸ್ವಿಚ್ಚು ಮೇಲೆತ್ತಿದೆ. ಅವತ್ತು ಅಮ್ಮಿ ಒಲೆಯ ಮುಂದೆ ಕೂತು ಅತ್ತಳು. ಅತ್ತೆ ಸೊಸೆಯ ಜಗಳ ನಿಂತರೆ ಮನೆ ತಣ್ಣಗಿರುತ್ತದೆ ಎನ್ನುವವರು ನಮ್ಮ ಮನೆಗೆ ಬಂದು ನೋಡಬೇಕಾಗಿತ್ತು. ಅಂಥ ಕೆಟ್ಟ ತಂಪನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಅದೇ ವಾರ ಗದಗಿನಿಂದ ಉತ್ಸವದ ಕಮಿಟಿಯ ಕುಲಕರ್ಣಿ ಮಾಸ್ತರರು ಬಂದರು, ಅಬ್ಬಾ ಮಗ್ಗ ನಿಲ್ಲಿಸಿ ಅವರನ್ನು ಕೂಡಿಸಿದ. ಹೊಸ ಜಿಲ್ಲೆಯ ಉತ್ಸವದಲ್ಲಿ ಹಿರಿಯ ಕಲಾವಿದರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಿರಹಟ್ಟಿಯಿಂದ ಒಬ್ಬ ಶಹನಾಯಿಯವನು, ಮುಂಡರಗಿಯಿಂದ ಒಬ್ಬ ಮದ್ದಲೆಯವನು, ಬೆಟಗೇರಿಯಿಂದ ಕುಮಾರಿ ಮಂದಾರಮಾಲಾ. ಹಳೆಯ ಹಾಡಿನ ಎರಡು ಸಾಲು ಹೇಳಿದರೆ ಸಾಕು ಎಂದರು. ದನಿ ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಪಾಪ, ಕೂತಲ್ಲಿಯೇ ಕುಗ್ಗಿಹೋದರು. ಅಬ್ಬಾ ಕೈಮುಗಿದ.

"ಬ್ಯಾಡ್ರಿ ಸರ. ಅಷ್ಟು ಮಂದಿ ಮುಂದ ಆಕಿನ್ನ ನಿಲ್ಲಿಸಿ ಬಾಯಿ ತಗಿ ಅಂದ್ರ, ಆಕಿ ಅಲ್ಲೇ ಪ್ರಾಣಾ ಬಿಡತಾಳ."

ಆಗ ಅಡುಗೆಮನೆಯ ಬಾಗಿಲಿನಿಂದ ಅಮ್ಮಿಯ ದನಿ ಬಂತು.

"ಬರ್ತಾರ ಅಂತ ಬರಕೊಳ್ರಿ ಮಾಸ್ತರ. ನಾ ಕರಕೊಂಡು ಬರ್ತೇನಿ."

ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಹೋದರು. ಅವರು ಅತ್ತ ಹೋಗಿ ಅಬ್ಬಾ ಮಗ್ಗ ಚಾಲೂ ಮಾಡಿದ್ದೇ ತಡ, ಅಮ್ಮಿ ಬಂದು ಸ್ವಿಚ್ಚು ಎಳೆದಳು. ದಾದಿ ಎದ್ದು ಕೂತಿದ್ದಳು. ಆಪರೇಷನ್ ಆದ ಮೇಲೆ ಮೊದಲ ಸಲ ಅವಳ ಕಣ್ಣಿನಲ್ಲಿ ಸಿಟ್ಟು ಕಂಡೆ. ತುಟಿಯೂ ಆಡಿತು. ಅಮ್ಮಿ ನನ್ನನ್ನು ಮುಂದಕ್ಕೆ ನೂಕಿದಳು.

"ಏನಂತಾರ ನೋಡ ಮೆಹರೂ, ಹೇಳ ನನಗ."

"ದನಿ ಇಲ್ಲದಾಕಿ ಹೋಗಿ ಏನ್ ಮಾಡ್ಲಿ ಅಂತಾಳ. ನನ್ನ ನಗೀಪಾಟಲ ಮಾಡಬ್ಯಾಡ ಅಂತಾಳ."

ಅಮ್ಮಿ ಸೊಂಟಕ್ಕೆ ಕೈಯಿಟ್ಟಳು.

"ಮೂಕಿ ಪಿಚ್ಚರದಾಗ ದನಿ ಇತ್ತೇನ್ರಿ ಅತ್ತಿ? ಟೆಂಟಿನ ಮಂದಿನ್ನ ಅಳಿಸೀರಲ್ಲಾ, ದನಿ ಹಚ್ಚಿ ಅಳಿಸೀರೇನು? ಆ ಕಿವುಡ ಮುದಕಿಗೆ ನಿಮ್ಮ ದನಿ ಕೇಳಿಸಿತ್ತೇನು?"

ಇಷ್ಟು ವರ್ಷ ಪಾತ್ರೆ ಬಡಿಯುತ್ತ ಅಮ್ಮಿ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದಳು! ದಾದಿ ಅವಳನ್ನೇ ನೋಡಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ನಾನು ಹತ್ತಿರ ಓಡಿದೆ. ಅವಳು ನಗುತ್ತಿದ್ದಳು. ದನಿಯಿಲ್ಲದ ಆ ನಗು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದು ಇವತ್ತಿಗೂ ಹೇಳಲು ಬರುವುದಿಲ್ಲ.

ಉತ್ಸವದ ದಿನ ಬೆಳಿಗ್ಗೆ ದಾದಿ ಬಣ್ಣದ ಪೆಟ್ಟಿಗೆ ತೆಗೆದಳು. ಒಳಗಿನ ಬಣ್ಣವೆಲ್ಲ ಒಣಗಿ ಬಿರಿದಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಹಾಕಿ ಬೆರಳಿನಿಂದ ತಿಕ್ಕಿ ತಿಕ್ಕಿ ಕರಗಿಸಿದಳು. ಮುಖಕ್ಕೆ ಅಮ್ಮಿಯ ಪೌಡರು ಬಳಿದುಕೊಂಡಳು. ಆಮೇಲೆ ತುಟಿಗೆ ಆ ಕಪ್ಪುಗೆಂಪು ಬಣ್ಣ ಹಚ್ಚಲು ಹೋದರೆ ಗೆರೆ ಗಲ್ಲದವರೆಗೆ ಹೋಯಿತು. ಅಮ್ಮಿ ಬಾಗಿಲಲ್ಲಿ ನಿಂತು, ಎಂಬತ್ತು ದಾಟಿದ ಮೇಲೆ ತುಟಿಬಣ್ಣವೇ, ಓಣಿಯವರು ಏನೆಂದಾರು ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಬಂದು ಎದುರು ಕೂತಳು, ಸೆರಗಿನ ತುದಿಯಿಂದ ಗಲ್ಲ ಒರೆಸಿದಳು, ತನ್ನ ಕಿರುಬೆರಳಿನಿಂದ ಅತ್ತೆಯ ತುಟಿಗೆ ಬಣ್ಣ ತುಂಬಿದಳು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವಳು ದಾದಿಯ ಬಾಯನ್ನು ನೋಡಿದ್ದು ಅದೇ ಮೊದಲು.

ಟಾಂಗಾದಲ್ಲಿ ಗದಗಿಗೆ ಹೋದೆವು. ಶಾಲೆಯ ಬಯಲಿನಲ್ಲಿ ಪೆಂಡಾಲು. ಎಡಕ್ಕೆ ಗದಗಿನ ದೊಡ್ಡವರು, ವ್ಯಾಪಾರಸ್ಥರು, ಅವರ ಹೆಂಡಂದಿರು ಕುರ್ಚಿಗಳಲ್ಲಿ. ಬಲಕ್ಕೆ ಜಮಖಾನೆಯ ಮೇಲೆ ಬೆಟಗೇರಿಯ ನಾವು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕುಲಕರ್ಣಿ ಮಾಸ್ತರರು ಆಕೆಯ ಆರೋಗ್ಯ ಸರಿಯಿಲ್ಲ ಎಂದು ಹೇಳಿ ಮುಗಿಸುವುದರಲ್ಲಿ ದಾದಿ ಎದ್ದು ನಿಂತು ಮೈಕಿನ ಕಡೆ ನಡೆದಳು. ಬಾಯಿ ಆಡಿದರೂ ದನಿ ಬಾರದ್ದನ್ನು ಕಂಡು ಮೈಕಿನವನು ಓಡಿ ಬಂದು ಅದಕ್ಕೆ ಬಡಿದು ಬಡಿದು ಹಲೋ ಹಲೋ ಎಂದ. ಮಂದಿ ನಕ್ಕರು. ಅಬ್ಬಾ ತಲೆ ತಗ್ಗಿಸಿದ. ದಾದಿ ಆ ಹುಡುಗನ ಕೆನ್ನೆ ಸವರಿ, ಮೈಕನ್ನು ಪಕ್ಕಕ್ಕೆ ಸರಿಸಿದಳು. ಶಾಲನ್ನು ತಲೆಯ ಮೇಲೆ ಹೊದ್ದಳು. ಒಂದು ಕೈ ಎದೆಗೆ, ಇನ್ನೊಂದು ಆಕಾಶಕ್ಕೆ. ಕುತ್ತಿಗೆ ನಿಧಾನವಾಗಿ ಮೇಲೆ ತಿರುಗಿತು. ಕಾಡಿನಲ್ಲಿ ಬಿಟ್ಟು ಹೋದ ರಾಣಿ! ಎಡಗಡೆಯ ಕುರ್ಚಿಗಳಲ್ಲಿ ಒಬ್ಬೊಬ್ಬರೇ ಕಣ್ಣಿಗೆ ಕರವಸ್ತ್ರ ಹಿಡಿಯತೊಡಗಿದರು. ಬಲಗಡೆ, ಜಮಖಾನೆಯ ಮೇಲೆ ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಬೆಟಗೇರಿಯ ನೇಕಾರರೆಲ್ಲ ಬಾಯಿಗೆ ಟವೆಲು ಒತ್ತಿಕೊಂಡು ನಗತೊಡಗಿದರು. ನಗುತ್ತ ನಗುತ್ತ ಅವರ ಕಣ್ಣಲ್ಲೂ ನೀರು. ದಾದಿಯ ಕಪ್ಪು ತುಟಿಗಳು ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಆಡುತ್ತಿದ್ದವು. ಅವಳ ಕಣ್ಣು ಈಗ ಆಕಾಶದಲ್ಲಿರಲಿಲ್ಲ, ಅಮ್ಮಿಯ ಮೇಲಿತ್ತು. ನಾನು ಅಮ್ಮಿಯ ಕಿವಿಗೆ ಬಾಗಿದೆ, ಎಂದಿನಂತೆ ಹೇಳಿಕೊಡಲು. ಅವಳು ನನ್ನ ಬಾಯಿ ಮುಚ್ಚಿದಳು.

"ಸುಮ್ಮನಿರು. ನನಗ ತಿಳೀತೈತಿ."

ಅವಳ ತುಟಿ ದಾದಿಯ ತುಟಿಯ ಜೊತೆಗೇ ಮೆಲ್ಲಗೆ ಆಡುತ್ತಿತ್ತು.

"ಅವ್ವಾ, ಹಸಿವಾಗೇತಿ. ನುಚ್ಚು ಮಾಡ. ಉಪ್ಪು ಮರೀಬ್ಯಾಡ."

ಅಮ್ಮಿ ಒಮ್ಮೆಲೇ ಎದ್ದು ನಿಂತಳು. ಅವಳ ದನಿಗೆ ಮೈಕು ಬೇಕಾಗಿರಲಿಲ್ಲ.

"ಇಡೀ ಜಿಲ್ಲಾ ಮುಂದ ನನ್ನ ಉಪ್ಪಿನ ಸುದ್ದಿ ತಗದ್ರಲ್ರಿ ಅತ್ತಿ! ನಡ್ರಿ, ನಡ್ರಿ ಮನಿಗೆ!"

ಬಲಗಡೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಡಗಡೆಯವರಿಗೆ ಏನೂ ತಿಳಿಯಲಿಲ್ಲ, ಆದರೂ ತಟ್ಟಿದರು. ಹಿಂದಿನಿಂದ ಯಾರೋ ಮುದುಕ ವನ್ಸ್ ಮೋರ್ ಎಂದು ಕೂಗಿದ. ದಾದಿ ಕೈಯಾಡಿಸಿ ಹೊಟ್ಟೆ ತೋರಿಸಿ ಮೆಟ್ಟಿಲು ಇಳಿದೇಬಿಟ್ಟಳು. ಮಾಸ್ತರರು ಚಹಾ, ಭಜಿ ಎನ್ನುತ್ತ ಹಿಂದೆ ಬಂದರು. ಅಮ್ಮಿ ಅವರಿಗೆ ಅವಕಾಶವನ್ನೇ ಕೊಡಲಿಲ್ಲ. ಟಾಂಗಾದವನಿಗೆ ದಾರಿಯುದ್ದಕ್ಕೂ ಜಲ್ದಿ ಹೊಡಿ, ಜಲ್ದಿ ಹೊಡಿ ಎನ್ನುತ್ತಲೇ ಇದ್ದಳು.

ಮನೆ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಅಬ್ಬಾ ಅಂಗಿ ಬದಲಿಸಿ ಮಗ್ಗ ಚಾಲೂ ಮಾಡಿದ. ಅಮ್ಮಿ ಜೋಳದ ನುಚ್ಚು ಕುದಿಸಿದಳು, ಮಜ್ಜಿಗೆ ಕಡೆದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು, ಉಪ್ಪು ಹಾಕಿದಳು, ನನಗೆ ರುಚಿ ನೋಡಲು ಹೇಳಿದಳು, ನಾನು ಸರಿಯಿದೆ ಎಂದರೂ ನಂಬದೆ ತಾನೂ ನೋಡಿದಳು. ಬಟ್ಟಲು ತಂದು ಕಿಟಕಿಯ ಹತ್ತಿರ ಇಟ್ಟು, ಎಂದಿನಂತೆ ಒಳಗೆ ಹೋಗದೆ, ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತಳು. ದಾದಿ ಬಣ್ಣ ಒರೆಸಿರಲಿಲ್ಲ. ಒಂದೊಂದೇ ಚಮಚ ನುಂಗಿದಳು. ನುಂಗುವಾಗ ನೋವಾಗುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆದರೂ ನಿಲ್ಲಿಸಲಿಲ್ಲ. ಬಟ್ಟಲಿನ ತಳ ಕಂಡಿತು. ಅಮ್ಮಿ ಅದನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ದಾದಿ ಬಟ್ಟಲನ್ನು ಬಿಡಲಿಲ್ಲ. ತಾನೇ ಅವಳ ಮುಂದೆ ಹಿಡಿದಳು. ನಾಲ್ಕೂ ಮಗ್ಗಗಳು ಖಟಾಖಟ ಬಡಿಯುತ್ತಿದ್ದವು. ಬಣ್ಣ ಅರ್ಧ ಹೋಗಿದ್ದ ಆ ತುಟಿಗಳು ಸಾವಕಾಶವಾಗಿ ಬಿಚ್ಚಿದವು.

"ವನ್ಸ್ ಮೋರ್."

ಅಮ್ಮಿ ನನ್ನ ಕಡೆ ನೋಡಲಿಲ್ಲ. ಸ್ವಿಚ್ಚಿನ ಕಡೆಗೂ ಹೋಗಲಿಲ್ಲ. ಆ ಸದ್ದಿನ ನಡುವೆ, ಜನ್ಮದಲ್ಲಿ ಮೊದಲ ಸಲ, ದನಿ ತೆಗೆಯದೆ ಬರೀ ತುಟಿ ಆಡಿಸಿದಳು.

"ಏನಂದ್ರಿ? ಇನ್ನೊಮ್ಮೆ ಅನ್ರಿ."

ದಾದಿ ಇನ್ನೊಮ್ಮೆ ಅಂದಳು.